ಎರಡು ವರ್ಷ ಗಾಳಿ ಆ್ಯಪ್ ಬಳಸಿದ ಮೇಲೆ: ಹೆಸರು ನಮ್ಮೂರಿಂದು, ಗಾಳಿ ಯಾರದ್ದೋ

ಮೊದಲ ದಿನ ಈ ಆ್ಯಪ್‌ನಲ್ಲಿ ನಮ್ಮ ಹಳ್ಳಿಯ ಹೆಸರು ಹಾಕಿದಾಗ ಖುಷಿಯಾಗಿದ್ದು ನಿಜ. ಮೇಲೆ ದಪ್ಪಕ್ಷರದಲ್ಲಿ ಊರ ಹೆಸರು, ಕೆಳಗೆ ಗಂಟೆ ಗಂಟೆಗೂ ಗಾಳಿಯ ವೇಗ. ನಮಗೆಂದೇ ಯಾರೋ ಕೂತು ಲೆಕ್ಕ ಹಾಕಿದ್ದಾರೆ ಅನ್ನಿಸಿತ್ತು. ಆಮೇಲೊಂದು ದಿನ ಸುಮ್ನೆ ಗುಡ್ಡದ ಆಚೆಗಿನ ಹಳ್ಳಿಯ ಹೆಸರು ಹಾಕಿ ನೋಡಿದೆ. ಅದೇ ಅಂಕಿ, ಅದೇ ಬಾಣ. ಇಲ್ಲಿ ಎಲೆಯೂ ಅಲ್ಲಾಡದ ಹೊತ್ತಿಗೆ ಅಲ್ಲಿ ಒಣಗಲು ಹಾಕಿದ ಬಟ್ಟೆ ಹಾರಿ ಹೋಗುತ್ತದೆ. ಎರಡೂ ಒಂದೇ ಹೇಗಾಗುತ್ತದೆ?

ಹುಡುಕಿದಾಗ ಗೊತ್ತಾಯಿತು. ಇಂಥ ಆ್ಯಪ್‌ಗಳಿಗೆ ಅಂಕಿ ಬರುವುದು ದೊಡ್ಡ ಮಾಡೆಲ್‌ಗಳಿಂದ, ಅಂದರೆ ಇಡೀ ಭೂಮಿಯ ಹವಾಮಾನವನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವ ವ್ಯವಸ್ಥೆಗಳಿಂದ. ಯುರೋಪಿನದ್ದು ಭೂಮಿಯನ್ನು ಸುಮಾರು 9 ಕಿ.ಮೀ. ಚೌಕಗಳಾಗಿ ನೋಡುತ್ತದೆ, ಅಮೆರಿಕದ ಜಿಎಫ್‌ಎಸ್ ಸುಮಾರು 13 ಕಿ.ಮೀ. ಚೌಕಗಳಾಗಿ. ನಮ್ಮ ಗುಡ್ಡ, ತೋಪು, ಕಣಿವೆ ಎಲ್ಲ ಒಂದೇ ಚೌಕದೊಳಗೆ ಸಪಾಟಾಗಿ ಹೋಗಿವೆ. ಅದೂ ನೆಲದಿಂದ 10 ಮೀಟರ್ ಎತ್ತರದ ಗಾಳಿ. ನಾನು ಗಿಡಕ್ಕೆ ಔಷಧಿ ಹೊಡೆಯುವುದು ಸೊಂಟದೆತ್ತರದಲ್ಲಿ! ಇದನ್ನು ಊರ ಹೆಸರಿನ ಪಕ್ಕದಲ್ಲಿ ಒಂದು ಸಾಲು ಬರೆದಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಬಾಣದ ಕತೆ ಕೇಳಿ. ಗಾಳಿಗೆ ಹೆಸರಿಡುವುದು ಅದು ಬರುವ ದಿಕ್ಕಿನಿಂದ. ಆದರೆ ಇದರ ಬಾಣ ತೋರಿಸುವುದು ಗಾಳಿ ಹೋಗುವ ಕಡೆಗೆ. ‘ಪಶ್ಚಿಮ’ ಅಂತ ಬರೆದು ಬಾಣ ಪೂರ್ವಕ್ಕೆ ತಿರುಗಿದ್ದರೆ ಎರಡೂ ಸರಿಯೇ. ನಾನು ಒಂದು ತಿಂಗಳು ಆ್ಯಪ್ ಕೆಟ್ಟಿದೆ ಅಂದುಕೊಂಡು, ತಪ್ಪು ಕಡೆ ನಿಂತು, ಔಷಧಿಯನ್ನು ನನ್ನ ಮುಖಕ್ಕೇ ಹೊಡೆದುಕೊಂಡೆ. ಇನ್ನೊಂದು ದಿನ ಗಾಳಿ ಗಂಟೆಗೆ 10 ಕಿ.ಮೀ. ಅಂತ ನಂಬಿ ಹೋದರೆ ಮತ್ತೆ ಮುಖಕ್ಕೆ. ಆ 10 ಸರಾಸರಿ. ನಡುನಡುವೆ ಬಂದು ಹೊಡೆಯುವ ಜೋರು ಗಾಳಿಯ ಸಾಲು ಬೇರೆಯೇ ಇದೆ, ಕೆಳಗೆ ಮಡಚಿಟ್ಟಿದ್ದಾರೆ. ಬಿಡಿಸಿ ನೋಡಿದರೆ 31.

ಅವತ್ತೇ ಅಳಿಸಿ ಹಾಕಬೇಕಿತ್ತು. ಹಾಕಲಿಲ್ಲ, ಯಾಕೆಂದರೆ ಅಷ್ಟರಲ್ಲಿ ನನಗೊಂದು ಆಟ ಸಿಕ್ಕಿತ್ತು. ಅಂಗಳದಲ್ಲಿ ಒಂದು ಗಳ ನೆಟ್ಟು ತುದಿಗೆ ಕೆಂಪು ಬಟ್ಟೆಯ ಪಟ್ಟಿ ಕಟ್ಟಿದ್ದೇನೆ. ಬೆಳಿಗ್ಗೆ ಎದ್ದವನು ಫೋನ್ ಮುಟ್ಟುವ ಮೊದಲು ಅದನ್ನು ನೋಡುತ್ತೇನೆ. ಮುಖಕ್ಕೆ ಗಾಳಿ ತಾಗಿ ಎಲೆ ಸರಸರ ಅಂದರೆ 6ರಿಂದ 11. ಪಟ್ಟಿ ಬಿಚ್ಚಿಕೊಂಡು, ಸಣ್ಣ ರೆಂಬೆ ನಿಲ್ಲದೆ ಆಡುತ್ತಿದ್ದರೆ 12ರಿಂದ 19. ಧೂಳೆದ್ದರೆ 20ರ ಮೇಲೆ. ಇದು ಕಣ್ಣಿಗೆ ಕಾಣುವ ಗುರುತುಗಳಿಂದಲೇ ಗಾಳಿಯ ವೇಗ ಅಂದಾಜಿಸುವ ಬ್ಯೂಫೋರ್ಟ್ ಮಾಪನದ ಲೆಕ್ಕ, ಯಂತ್ರ ಬೇಡ. ನನ್ನ ಅಂದಾಜು ಬರೆದುಕೊಂಡ ಮೇಲೆ ಆ್ಯಪ್ ತೆಗೆಯುತ್ತೇನೆ. ಗೆದ್ದ ದಿನ ಮನೆಯವರಿಗೆಲ್ಲ ಹೇಳಿ ತಲೆ ತಿನ್ನುತ್ತೇನೆ.

ಆರು ತಿಂಗಳಲ್ಲಿ ಪುಸ್ತಕವೇ ಮಾತಾಡಿತು. ಪಡುವಣ ಗಾಳಿಯ ದಿನ ಗುಡ್ಡ ಅಡ್ಡ, ಆ್ಯಪ್ ಹೇಳಿದ್ದರ ಅರ್ಧ ಹಿಡಿದರೆ ಸಾಕು. ತೆಂಕಣ ಗಾಳಿ ಕಣಿವೆಯೊಳಗೆ ನುಗ್ಗಿ ಬರುತ್ತದೆ, ಹೇಳಿದ್ದಕ್ಕಿಂತ ಜಾಸ್ತಿಯೇ. ನಸುಕಿನಲ್ಲಿ ಆ್ಯಪ್ 7 ಅಂದರೂ ಪಟ್ಟಿ ಜೋತುಬಿದ್ದಿರುತ್ತದೆ, ಒಲೆಯ ಹೊಗೆ ಮೇಲೇಳದೆ ಚಾದರದ ಹಾಗೆ ಹಾಸಿಕೊಂಡಿರುತ್ತದೆ. ರಾತ್ರಿ ತಣಿದ ನೆಲದ ಮೇಲೆ ತಣ್ಣನೆಯ ಗಾಳಿ ಕೂತಿರುತ್ತದೆ, ಮೇಲಿನ ಗಾಳಿ ಕೆಳಗಿಳಿಯುವುದಿಲ್ಲ. ಔಷಧಿ ಹೊಡೆಯಲು ಇದೇ ಒಳ್ಳೆ ಹೊತ್ತು ಅಂದುಕೊಂಡಿದ್ದೆ. ಅಲ್ಲ. ಸಣ್ಣ ಹನಿಗಳು ಆ ಹೊಗೆಯ ಹಾಗೇ ತೇಲಿಕೊಂಡು ಪಕ್ಕದವರ ಹೊಲ ಸೇರುತ್ತವೆ. ಬಿಸಿಲೇರಿ ಪಟ್ಟಿ ಮೆಲ್ಲಗೆ ಅಲ್ಲಾಡುವವರೆಗೆ ಈಗ ಕಾಯುತ್ತೇನೆ. ಗಾಳಿ ಏಳುವ ಆ ಗಂಟೆಯನ್ನು ಮಾತ್ರ ಆ್ಯಪ್ ಎಷ್ಟು ಸರಿಯಾಗಿ ಹೇಳುತ್ತದೆ ಅಂದರೆ, ಅದಕ್ಕಾಗಿಯೇ ಇಟ್ಟುಕೊಂಡಿದ್ದೇನೆ.

ದುಡ್ಡು ಕೊಡುವ ಆವೃತ್ತಿ ಒಂದು ತಿಂಗಳು ನೋಡಿ ಬಿಟ್ಟೆ. ಹದಿನಾಲ್ಕು ದಿನದ ಗಾಳಿ ಕಟ್ಟಿಕೊಂಡು ನಾನೇನು ಮಾಡಲಿ? ನನಗೆ ನಾಳೆಯದ್ದು ಸಾಕು.

ಸಂಜೆ ಗುಡುಗಿನ ಮೋಡ ಕಂಡರೆ ಮಾತ್ರ ಅಂಕಿ ನೋಡಬೇಡಿ. ಮಳೆಯ ಜೊತೆ ಮೋಡದಿಂದ ಕೆಳಗೆ ನುಗ್ಗುವ ತಣ್ಣನೆಯ ಗಾಳಿ ಆ ಚೌಕಗಳಿಗೆ ಸಿಗುವಂಥದ್ದಲ್ಲ. ಆ್ಯಪ್ 12 ಅಂದ ಸಂಜೆಯೇ ನಮ್ಮ ಟಾರ್ಪಾಲು ಹೋಗಿದ್ದು.

ಐದಕ್ಕೆ ಮೂರು ಸ್ಟಾರ್. ಗಳಕ್ಕೆ ಐದು.