ಸಿಎ ಫೈನಲ್ ಓದಿಗೆ ಕೊಂಡ ಲ್ಯಾಪ್‌ಟಾಪ್: ಪರದೆಗೆ ಹಣ, ಉಳಿದದ್ದಕ್ಕೆ ಚೌಕಾಶಿ

ಸಿಎ ಫೈನಲ್ ಪರೀಕ್ಷೆಯನ್ನು ಇಂದಿಗೂ ಪೆನ್ನು ಹಿಡಿದೇ ಬರೆಯಬೇಕು. ಲೆಕ್ಕಕ್ಕೆ ಹನ್ನೆರಡು ಅಂಕಿಯ ಕ್ಯಾಲ್ಕುಲೇಟರ್ ಒಯ್ಯಬಹುದು, ಅಷ್ಟೇ. ಹಾಗಿರುವಾಗ ಅರವತ್ತು ಸಾವಿರದ ಹತ್ತಿರ ಹಣ ಸುರಿದು ಲ್ಯಾಪ್‌ಟಾಪ್ ಏಕೆ ಎಂದು ಅಪ್ಪ ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಬರೆಯುವುದು ಕಾಗದದ ಮೇಲೆ ನಿಜ, ಓದುವುದೆಲ್ಲ ಪರದೆಯ ಮೇಲೆ ಎಂದೆ. ಎರಡು ಗ್ರೂಪ್, ಆರು ಪೇಪರ್. ಪರೀಕ್ಷೆ ನಡೆಸುವ ಸಂಸ್ಥೆ ಐಸಿಎಐ ತನ್ನ ಅಧ್ಯಯನ ಸಾಮಗ್ರಿಯನ್ನೂ ಆರ್‌ಟಿಪಿ (ಪುನರಾವರ್ತನೆಯ ಪ್ರಶ್ನೆಗಳು), ಎಂಟಿಪಿ (ಅಣಕು ಪರೀಕ್ಷೆಯ ಪ್ರಶ್ನೆಪತ್ರಿಕೆ)ಗಳನ್ನೂ ಪಿಡಿಎಫ್ ರೂಪದಲ್ಲಿ ಉಚಿತವಾಗಿ ಕೊಡುತ್ತದೆ. ಕೋಚಿಂಗ್ ಎಂದರೆ ನೂರಾರು ಗಂಟೆಗಳ ವಿಡಿಯೊ. ಆರ್ಟಿಕಲ್‌ಶಿಪ್, ಅಂದರೆ ಸಿಎ ಕಚೇರಿಯಲ್ಲಿನ ಕಡ್ಡಾಯ ತರಬೇತಿ, ನಡೆಯುವಾಗ ದಿನಕ್ಕೆ ಮೂರು ನಾಲ್ಕು ಗಂಟೆ, ಓದಿನ ರಜೆ ಸಿಕ್ಕ ಮೇಲೆ ಹತ್ತು ಹನ್ನೆರಡು ಗಂಟೆ ಕಣ್ಣು ಅದರ ಮುಂದೆಯೇ ಇರುತ್ತದೆ.

ಕೊಂಡ ಮಾದರಿಯ ಹೆಸರನ್ನು ಬರೆಯುವುದಿಲ್ಲ. ಒಂದೇ ಹೆಸರಿನಡಿ ನಾಲ್ಕಾರು ಬಗೆಯ ಪರದೆ ಹಾಕಿ ಮಾರುವುದು ಈ ವ್ಯಾಪಾರದ ರೂಢಿ. ನನಗೆ ಸಿಕ್ಕಿದ್ದೇ ನಿಮಗೂ ಸಿಗುತ್ತದೆ ಎಂಬ ಖಾತ್ರಿಯಿಲ್ಲ. ಅಂಕಿಗಳನ್ನು ಹೇಳುತ್ತೇನೆ, ಅವು ಎಲ್ಲ ಬ್ರಾಂಡಿಗೂ ಹೊಂದುತ್ತವೆ: 16 ಇಂಚಿನ ಮ್ಯಾಟ್ (ಹೊಳೆಯದ) ಐಪಿಎಸ್ ಪರದೆ, 1920×1200 ರೆಸಲ್ಯೂಷನ್, 300 ನಿಟ್ಸ್ ಬೆಳಕು, ಕೋರ್ ಐ5 ಯು ಸರಣಿಯ ಪ್ರೊಸೆಸರ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, 1.8 ಕಿಲೊ ತೂಕ. ಬಿಲ್ಲಿನಲ್ಲಿ ಬೆಲೆ 50,000, ಸಿಜಿಎಸ್‌ಟಿ 4,500, ಎಸ್‌ಜಿಎಸ್‌ಟಿ 4,500. ಸರಕಿನ ತೆರಿಗೆ ಸಂಕೇತ ಎಚ್‌ಎಸ್‌ಎನ್ 8471 ಸರಿಯಾಗಿದೆಯೇ ಎಂದು ಕೌಂಟರಿನಲ್ಲೇ ನೋಡಿದೆ. ಬಿಲ್ಲು ತಪಾಸಣೆಯ ರೋಗ ಅಂಟಿಕೊಂಡ ಮೇಲೆ ಬಿಡುವುದಿಲ್ಲ. ವ್ಯಾಪಾರಿಗಳಿಗೆ ಸಿಗುವ ಇನ್‌ಪುಟ್ ಕ್ರೆಡಿಟ್ (ಕಟ್ಟಿದ ತೆರಿಗೆಯ ವಜಾ) ಮಾತ್ರ ವಿದ್ಯಾರ್ಥಿಗೆ ದಕ್ಕುವುದಿಲ್ಲ.

ನನ್ನ ವಾದ ಇಷ್ಟೇ: ಓದುವವರು ಪರದೆಯನ್ನು ಕೊಳ್ಳಬೇಕು, ಉಳಿದದ್ದು ಅದರ ಜೊತೆ ಬರುತ್ತದೆ. ಅಂಗಡಿಗಳಲ್ಲಿ ಮಾತು ಪ್ರೊಸೆಸರಿನಿಂದ ಶುರುವಾಗಿ ಗ್ರಾಫಿಕ್ಸ್ ಕಾರ್ಡಿಗೆ ಮುಗಿಯುತ್ತದೆ. ಪರದೆಯ ವಿಷಯಕ್ಕೆ ಬಂದರೆ "ಫುಲ್ ಎಚ್‌ಡಿ ಇದೆ" ಎಂಬಲ್ಲಿಗೆ ಅಧ್ಯಾಯ ಮುಗಿಯಿತು.

ಮೈಸೂರಿನ ದೇವರಾಜ ಅರಸು ರಸ್ತೆಯ ಅಂಗಡಿಯಲ್ಲಿ ಲ್ಯಾಪ್‌ಟಾಪ್‌ಗಳನ್ನು ಸಾಲಾಗಿ ತೆರೆದಿಟ್ಟು, ಎಲ್ಲದರಲ್ಲೂ ಬೆಳಕನ್ನು ತುದಿಗೆ ಏರಿಸಿ, ಬಣ್ಣದ ಮೀನು, ಹಿಮದ ಬೆಟ್ಟಗಳ ವಿಡಿಯೊ ಓಡಿಸಿದ್ದರು. ಮೀನು ಯಾವ ಪರದೆಯಲ್ಲೂ ಚೆನ್ನಾಗಿಯೇ ಕಾಣುತ್ತದೆ. ನಾನು ಪೆನ್‌ಡ್ರೈವ್‌ನಲ್ಲಿ ಆದಾಯ ಲೆಕ್ಕಕ್ಕೆ ತೆಗೆದುಕೊಳ್ಳುವ ಮಾನದಂಡ ಇಂಡ್ ಎಎಸ್ 115ರ ಅಧ್ಯಾಯವನ್ನು, ಹಳದಿ ಗೆರೆ ಎಳೆದ ನನ್ನ ಪ್ರತಿಯನ್ನೇ, ತೆಗೆದುಕೊಂಡು ಹೋಗಿದ್ದೆ. "ಮೇಡಂ, ಇದರಲ್ಲಿ ಗ್ರಾಫಿಕ್ಸ್ ಕಾರ್ಡ್ ಇದೆ, ಮುಂದೆ ಏನು ಬೇಕಾದರೂ ಓಡಿಸಬಹುದು" ಎಂದು ಅಲ್ಲಿನ ಹುಡುಗ ಒಂದನ್ನು ಮುಂದೆ ತಳ್ಳಿದ. "ಅಣ್ಣ, ಮೊದಲು ಈ ಪುಟ ತೆರೆಯಿರಿ" ಎಂದೆ. ತೆರೆದ. ನನ್ನ ಹಳದಿ ಗೆರೆಗಳು ಮಾಯ! ಶೇ 45 ಎನ್‌ಟಿಎಸ್‌ಸಿ (ಪರದೆ ತೋರಿಸಬಲ್ಲ ಬಣ್ಣಗಳ ಅಳತೆ) ಎಂದು ಸಣ್ಣಕ್ಷರದಲ್ಲಿ ಬರೆದಿರುವ ಅಗ್ಗದ ಪರದೆಗಳಲ್ಲಿ ತಿಳಿ ಬಣ್ಣಗಳು ಬಿಳಿಗೆ ಬೆರೆತುಹೋಗುತ್ತವೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎನ್ನುವುದು ಇಂಥ ಯಂತ್ರಕ್ಕೇ ಇರಬೇಕು.

ಎತ್ತರವನ್ನೂ ಅಳೆದು ನೋಡಿ. ಎ4 ಹಾಳೆಯ ಎತ್ತರ 29.7 ಸೆಂಟಿಮೀಟರ್. 15.6 ಇಂಚಿನ, 16:9 ಅನುಪಾತದ ಪರದೆಯ ಎತ್ತರ 19.4. ಮೇಲೆ ಪಟ್ಟಿ, ಕೆಳಗೆ ಪಟ್ಟಿ ಹೋದರೆ ಪುಟದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕಾಣಬಹುದು. 16 ಇಂಚಿನ, 16:10 ಪರದೆಯ ಅಗಲ ಹೆಚ್ಚುಕಡಿಮೆ ಅಷ್ಟೇ ಇದ್ದರೂ ಎತ್ತರ 21.5. ಎರಡು ಸೆಂಟಿಮೀಟರ್ ಯಾವ ಲೆಕ್ಕ ಎನಿಸಬಹುದು. ಎಕ್ಸೆಲ್‌ನಲ್ಲಿ ಅದು ಐದಾರು ಸಾಲು. ಕನ್ಸಾಲಿಡೇಷನ್, ಅಂದರೆ ಒಂದೇ ಸಮೂಹದ ಕಂಪನಿಗಳ ಲೆಕ್ಕ ಒಟ್ಟುಗೂಡಿಸುವ, ಲೆಕ್ಕದಲ್ಲಿ ಪ್ರಶ್ನೆ ಒಂದು ಪುಟ, ವರ್ಕಿಂಗ್ ನೋಟ್ ಇನ್ನೊಂದು ಪುಟ ಇರುತ್ತದೆ. ಮೇಲೆ ಕೆಳಗೆ ಉರುಳಿಸುತ್ತಾ ಕುಳಿತರೆ ಗುಡ್‌ವಿಲ್ ಅಂಕಿ ಕೈಗೆ ಬರುವಷ್ಟರಲ್ಲಿ ಮೈನಾರಿಟಿ ಷೇರುದಾರರ ಪಾಲು ಮರೆತಿರುತ್ತದೆ.

ಇನ್ನೊಂದು ಪರೀಕ್ಷೆಗೆ ಖರ್ಚಿಲ್ಲ. ಪರದೆಯ ಬೆಳಕನ್ನು ಕಾಲು ಭಾಗಕ್ಕೆ ಇಳಿಸಿ. ಮೊಬೈಲ್ ಕ್ಯಾಮೆರಾದ ಪ್ರೊ ಮೋಡ್‌ನಲ್ಲಿ ಷಟರ್ ವೇಗ ಏರಿಸಿ ಪರದೆಗೆ ಹಿಡಿಯಿರಿ. ಕಪ್ಪು ಪಟ್ಟಿಗಳು ಓಡಾಡಿದರೆ ಆ ಪರದೆ ಬೆಳಕನ್ನು ಇಳಿಸುವುದಕ್ಕಾಗಿ ಅತಿ ವೇಗದಲ್ಲಿ ಆರಿ ಹೊತ್ತುತ್ತಿದೆ ಎಂದರ್ಥ. ಕೆಲವರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ತಲೆನೋವು. ಅಂಗಡಿಯಲ್ಲಿ ಎಲ್ಲರ ಕಣ್ಣು ಕುಕ್ಕುವ ಓಎಲ್‌ಇಡಿ ಪರದೆಗಳಲ್ಲಿ ಇದು ಹೆಚ್ಚು. ಸಿನಿಮಾಕ್ಕೆ ಅವು ಸೊಗಸು. ರಾತ್ರಿ ಹನ್ನೊಂದಕ್ಕೆ ದೀಪ ಕಡಿಮೆ ಮಾಡಿಕೊಂಡು ಜಿಎಸ್‌ಟಿ ಸೆಕ್ಷನ್ ಓದುವವರು ಎರಡು ಸಲ ಯೋಚಿಸಲಿ. ಹೊಳೆಯುವ ಗಾಜಿನ ಪರದೆಯೂ ಬೇಡ. ಮಂಡ್ಯದ ಅಶೋಕನಗರದ ನಮ್ಮ ಮನೆಯಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂತರೆ ಅದರಲ್ಲಿ ಕಾಣುವುದು ನನ್ನ ಮುಖ ಮತ್ತು ಹಿಂದಿನ ತೆಂಗಿನ ಮರ.

ಈಗ ಯಾರೂ ಅಂಗಡಿಯಲ್ಲಿ ಹೇಳದ ಸಂಗತಿ. ರೆಕಾರ್ಡ್ ಮಾಡಿದ ತರಗತಿಗಳು ಯೂಟ್ಯೂಬಿನ ಹಾಗೆ ಎಲ್ಲೆಂದರಲ್ಲಿ ಓಡುವುದಿಲ್ಲ. ನಕಲು ತಡೆಯುವುದಕ್ಕೆ ಅವರದೇ ಪ್ಲೇಯರ್ ಇರುತ್ತದೆ. ಹಲವು ಪ್ಲೇಯರ್‌ಗಳು ವಿಂಡೋಸ್ ಬಿಟ್ಟು ಬೇರೆಲ್ಲೂ ತೆರೆಯುವುದಿಲ್ಲ. ನೋಡುವ ಗಂಟೆಗಳಿಗೆ ಮಿತಿ ಇರುತ್ತದೆ, ಒಂದೇ ಯಂತ್ರಕ್ಕೆ ಗಂಟು ಬಿದ್ದಿರುತ್ತದೆ. ಹೊರಗಿನ ಮಾನಿಟರ್ ಜೋಡಿಸಿದೊಡನೆ ಕಪ್ಪಾಗುವುದೂ ಉಂಟು. ನಮ್ಮ ಕಚೇರಿಯ ಇನ್ನೊಬ್ಬ ಆರ್ಟಿಕಲ್, ಅಣ್ಣ ಕಳುಹಿಸಿದ ಮ್ಯಾಕ್‌ಬುಕ್ಕನ್ನು ಮನೆಯಲ್ಲಿ ಇಟ್ಟು, ತಂಗಿಯ ಹಳೆಯ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ತರಗತಿ ನೋಡುತ್ತಾನೆ. ಸ್ನ್ಯಾಪ್‌ಡ್ರ್ಯಾಗನ್ ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪ್‌ಗಳು ಬ್ಯಾಟರಿಯಲ್ಲಿ ಗಟ್ಟಿ, ಆದರೆ ಚಿಪ್ಪಿನ ಜಾತಿಯೇ ಬೇರೆ, ನಿಮ್ಮ ತರಗತಿಯ ಪ್ಲೇಯರ್ ಅದರಲ್ಲಿ ಓಡುತ್ತದೆಯೇ ಎಂದು ಕೋಚಿಂಗ್‌ನವರಿಂದ ಬರಹದಲ್ಲಿ ಕೇಳಿಕೊಂಡು ಆಮೇಲೆ ಹಣ ಕಟ್ಟಿ. ಲ್ಯಾಪ್‌ಟಾಪ್ ಮೊದಲು, ತರಗತಿಯ ಆಕ್ಟಿವೇಷನ್ ಅನಂತರ. ಈ ಕ್ರಮ ಹಿಂದುಮುಂದಾದರೆ ಗಂಟೆಗಳು ಹಳೆಯ ಯಂತ್ರದಲ್ಲೇ ಉಳಿದುಹೋಗುತ್ತವೆ.

ಪ್ರೊಸೆಸರಿನ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಐ5 ಅಥವಾ ರೈಜನ್ 5 ಧಾರಾಳ ಸಾಕು. ಹೆಸರಿನ ಕೊನೆಯಲ್ಲಿ ಯು ಇದ್ದರೆ 15 ವ್ಯಾಟ್ ಆಸುಪಾಸಿನದು, ಎಚ್ ಇದ್ದರೆ 45 ವ್ಯಾಟಿನದು. ಎಚ್ ಬಲಶಾಲಿ, ಆ ಬಲವೆಲ್ಲ ಫ್ಯಾನಿನ ಸದ್ದಾಗಿ ಹೊರಬರುತ್ತದೆ. ಗ್ರಂಥಾಲಯದಲ್ಲಿ ಪಕ್ಕದವರು ತಿರುಗಿ ನೋಡುತ್ತಾರೆ. ನನ್ನದು ವಿಡಿಯೊ ಓಡಿಸುವಾಗ ಮೌನವಾಗಿರುತ್ತದೆ, ವಿಂಡೋಸ್ ಅಪ್‌ಡೇಟ್ ಬಂದಾಗ ಮಾತ್ರ ಗೊಣಗುತ್ತದೆ. ರ‍್ಯಾಮ್ 16 ಜಿಬಿ ಇರಲಿ. ಎಂಟು ಜಿಬಿಯನ್ನು ಬೋರ್ಡಿಗೇ ಬೆಸುಗೆ ಹಾಕಿ, ಹೆಚ್ಚಿಸಲು ಖಾಲಿ ಸ್ಲಾಟ್ ಕೂಡ ಕೊಡದ ಮಾದರಿಗಳಿವೆ. "ಆಮೇಲೆ ಹಾಕಿಸಿಕೊಳ್ಳಬಹುದು" ಎಂಬ ಮಾತಿಗೆ ಅಲ್ಲಿ ಅರ್ಥವಿಲ್ಲ.

ಬ್ಯಾಟರಿಯನ್ನು ಗಂಟೆಯಲ್ಲಿ ಕೇಳಬೇಡಿ, ವ್ಯಾಟ್-ಅವರ್‌ನಲ್ಲಿ ಕೇಳಿ. ಗಂಟೆ ಜಾಹೀರಾತು, ವ್ಯಾಟ್-ಅವರ್ ಲೆಕ್ಕ. ಯಂತ್ರ ವಿಡಿಯೊಗೆ ಎಂಟು ವ್ಯಾಟ್ ಎಳೆದರೆ 56 ವ್ಯಾಟ್-ಅವರ್ ಏಳು ಗಂಟೆ, 42 ವ್ಯಾಟ್-ಅವರ್ ಐದೂಕಾಲು ಗಂಟೆ. ನನ್ನದು ದೊಡ್ಡದು, ಹಾಗೆಂದೇ ಮಧ್ಯಾಹ್ನ ಕರೆಂಟ್ ಹೋದರೂ ಓದು ನಿಲ್ಲುವುದಿಲ್ಲ. ವೈಫೈ ನಿಲ್ಲದಿರಲೆಂದು ರೌಟರಿಗೊಂದು ಚಿಕ್ಕ ಯುಪಿಎಸ್ ಕೂಡ ಇಟ್ಟಿದ್ದೇನೆ. ಮೇಜಿನ ಮೇಲೆ ಚಾರ್ಜರ್ ಸಿಕ್ಕಿಸಿಯೇ ಓದುವವರು ಸೆಟ್ಟಿಂಗ್‌ನಲ್ಲಿ ಚಾರ್ಜನ್ನು ಶೇ 80ಕ್ಕೆ ನಿಲ್ಲಿಸಿಕೊಳ್ಳಿ. ನೂರು ತುಂಬಿಯೇ ಇರುವ ಲಿಥಿಯಂ ಬ್ಯಾಟರಿ ಬೇಗ ಮುದಿಯಾಗುತ್ತದೆ.

ದೂರುಗಳೂ ಇವೆ. 1.8 ಕಿಲೊ ಎಂದು ಕಾಗದದಲ್ಲಿ ಓದುವುದು ಬೇರೆ, ಮಂಡ್ಯದಿಂದ ಮೈಸೂರಿಗೆ ಬೆಳಗಿನ ರೈಲಿನಲ್ಲಿ ನಿಂತು ಹೋಗುವಾಗ ಚಾರ್ಜರ್, ಊಟದ ಡಬ್ಬಿ, ಆಡಿಟ್ ಫೈಲುಗಳ ಜೊತೆ ಹೆಗಲಿಗೆ ಹಾಕಿಕೊಳ್ಳುವುದು ಬೇರೆ. ಪಾಂಡವಪುರ ದಾಟುವಷ್ಟರಲ್ಲಿ ಹೆಗಲು ಬದಲಾಯಿಸಬೇಕು. ದಿನವೂ ಹೊತ್ತು ತಿರುಗುವವರಿಗೆ 14 ಇಂಚಿನ, 1.4 ಕಿಲೊದ 16:10 ಮಾದರಿ ವಾಸಿ. ಸ್ಪೀಕರ್ ಪೀಚು, ಹೆಡ್‌ಫೋನ್ ಇಲ್ಲದೆ ಮೇಷ್ಟ್ರ ಮಾತು ಕೇಳಿಸುವುದಿಲ್ಲ. ಪವರ್ ಬಟನ್ನನ್ನು ಡಿಲೀಟ್ ಕೀಲಿಯ ಪಕ್ಕದಲ್ಲೇ ಇಟ್ಟ ಪುಣ್ಯಾತ್ಮ ಒಮ್ಮೆಯೂ ಟೈಪ್ ಮಾಡಿರಲಾರ. ಅಂಕಿಗಳ ಪ್ರತ್ಯೇಕ ಕೀಲಿಮಣೆ ಇರುವುದರಿಂದ ಕಚೇರಿಯ ಟ್ಯಾಲಿ ಕೆಲಸಕ್ಕೆ ಅನುಕೂಲ. ಓದುವಾಗ ಅದನ್ನು ಮುಟ್ಟುವುದಿಲ್ಲ. ಪರೀಕ್ಷೆಯಲ್ಲಿ ಬಳಸುವ ಕ್ಯಾಲ್ಕುಲೇಟರಿನ ಮೇಲೇ ಬೆರಳು ಪಳಗಬೇಕು. ಇದರಲ್ಲಿ ಆಟ ಓಡುವುದಿಲ್ಲ ಎಂದು ತಮ್ಮ ಮುನಿಸಿಕೊಂಡ. ಅದನ್ನು ಗುಣಗಳ ಕಡೆಗೇ ಜಮಾ ಮಾಡಿಕೊಂಡಿದ್ದೇನೆ.

ಕಡಿಮೆ ಹಣದವರು ಕಂಪನಿಗಳಿಂದ ಬಿಡುಗಡೆಯಾದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ನೋಡಬಹುದು. ಕೀಲಿಮಣೆ ಅದ್ಭುತವಾಗಿರುತ್ತದೆ, ಪರದೆ ಹೆಚ್ಚಾಗಿ ಮಂಕು. ಇಂಟೆಲ್ ಆದರೆ ಎಂಟನೇ ತಲೆಮಾರಿಗಿಂತ ಹಳೆಯದನ್ನು ಮುಟ್ಟಬೇಡಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಅದಕ್ಕಿಂತ ಹಳೆಯ ಚಿಪ್ಪುಗಳಿಗೆ ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ.

ಅಂಗಡಿಯ ವಿಷಯ. ಮಂಡ್ಯದ ವಿ.ವಿ. ರಸ್ತೆಯಲ್ಲಿ ವಿಚಾರಿಸಿದ ಅಂಗಡಿಯವರು ಮರ್ಯಾದಸ್ಥರು, ಆದರೆ 16:10 ಪರದೆಯ ಒಂದು ಮಾದರಿಯೂ ಅವರಲ್ಲಿರಲಿಲ್ಲ, ತರಿಸಿಕೊಡುತ್ತೇವೆ ಎಂದರು. ನೋಡದೆ ಪರದೆ ಕೊಳ್ಳುವುದಾದರೆ ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ತರಿಸಬಹುದಿತ್ತು. ಮೈಸೂರಿನ ಅಂಗಡಿಯಲ್ಲಿ ಆನ್‌ಲೈನಿಗಿಂತ ಸ್ವಲ್ಪ ಹೆಚ್ಚು ಕೊಟ್ಟೆ. ಪೆನ್‌ಡ್ರೈವ್ ಹಾಕಲು ಬಿಟ್ಟರು, ಡಬ್ಬ ಬಿಚ್ಚಿ ಪರದೆಯಲ್ಲಿ ಸತ್ತ ಚುಕ್ಕೆಗಳಿವೆಯೇ ಎಂದು ನನ್ನೆದುರೇ ತೋರಿಸಿದರು. ಹೆಚ್ಚಿಗೆ ಕೊಟ್ಟದ್ದು ಅದಕ್ಕೆ ವಜಾ. ಬ್ಯಾಗು, ಮೌಸು ಉಚಿತ ಎಂದಾಗ ಅವು ಬೇಡ, ಆ ಬೆಲೆಗೆ ಮನೆಗೇ ಬಂದು ರಿಪೇರಿ ಮಾಡುವ ಆನ್‌ಸೈಟ್ ವಾರಂಟಿ ವಿಸ್ತರಿಸಿಕೊಡಿ ಎಂದು ಪಟ್ಟು ಹಿಡಿದೆ. ಸ್ವಲ್ಪ ಹೊತ್ತು ಜಗ್ಗಾಡಿ ಒಪ್ಪಿದರು. ಸರ್ವಿಸ್ ಸೆಂಟರ್ ಮೈಸೂರಿನಲ್ಲಿದೆ, ಪರೀಕ್ಷೆಯ ಹಿಂದಿನ ವಾರ ಯಂತ್ರ ಹೊತ್ತುಕೊಂಡು ಅಲ್ಲಿ ಟೋಕನ್ ಹಿಡಿದು ಕೂರಲು ನನ್ನಿಂದಾಗದು. ಕಂಪನಿ ಕಾಯ್ದೆಯ ಎರಡನೇ ಶೆಡ್ಯೂಲಿನಲ್ಲಿ ಸವಕಳಿ ಲೆಕ್ಕಕ್ಕೆಂದು ಲ್ಯಾಪ್‌ಟಾಪಿಗೆ ಕೊಟ್ಟಿರುವ ಆಯಸ್ಸು ಮೂರು ವರ್ಷ. ವಾರಂಟಿಯನ್ನೂ ಅಷ್ಟಕ್ಕೇ ಬರೆಸಿಕೊಂಡಿದ್ದೇನೆ.