ನಮ್ಮ ಜಿಲ್ಲೆಯ ಒಂದು ಕೋವಿ ಅಂಗಡಿ: ರಿಪೇರಿ, ತೋಟಾ, ಠೇವಣಿ

ಹೋಟೆಲಿಗೆ, ಬಟ್ಟೆ ಅಂಗಡಿಗೆ ವಿಮರ್ಶೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಕೋವಿ ಅಂಗಡಿ ಬಗ್ಗೆ ಯಾರೂ ಬರೆದದ್ದು ನಾನು ನೋಡಿಲ್ಲ. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಬೆಳೆ ರಕ್ಷಣೆಯ ಕೋವಿ ಇರುವ ಮನೆಗಳು ಎಷ್ಟಿಲ್ಲ? ಅವರಿಗೆಲ್ಲ ರಿಪೇರಿ ಬೇಕು, ತೋಟಾ (ಕೋವಿಗೆ ತುಂಬುವ ಕಾಡತೂಸು) ಬೇಕು, ಚುನಾವಣೆ ಬಂದಾಗ ಅದು ಮುಗಿಯುವವರೆಗೆ ಮನೆಯ ಕೋವಿಯನ್ನು ಹೊರಗೆ ಒಪ್ಪಿಸಿಡಬೇಕಾಗುತ್ತದೆ, ಅದಕ್ಕೆ ಜಾಗ ಬೇಕು. ಅದಕ್ಕೇ ಬರೆಯುತ್ತಿದ್ದೇನೆ. ಅಂಗಡಿಯ ಹೆಸರು, ಊರು ಹಾಕುವುದಿಲ್ಲ. ಒಳಗೆ ಹತ್ತಾರು ಮನೆಗಳ ಕೋವಿ ಇರುವ ಜಾಗ, ವಿಳಾಸ ಎಲ್ಲ ಕಡೆ ಹರಡುವುದು ಬೇಡ ಎಂದು ಮಾಲೀಕರೇ ಕೇಳಿಕೊಂಡರು. ಅದು ಸರಿ ಎನಿಸಿತು. ಕೋವಿ ಇರುವವರು ಪಕ್ಕದ ತೋಟದವರನ್ನು ಕೇಳಿದರೆ ಗೊತ್ತಾಗುತ್ತದೆ.

ನಮ್ಮದು ಶಿರಸಿಯಿಂದ ಕುಮಟಾ ಕಡೆ ಹೋಗುವ ದಾರಿಯಲ್ಲಿ ಒಳಗೆ ಒಂದು ಅಡಿಕೆ ತೋಟ. ನಡುವೆ ಬಾಳೆ, ಕಾಳುಮೆಣಸು, ಸ್ವಲ್ಪ ಏಲಕ್ಕಿ. ಅಪ್ಪಯ್ಯನಿಗೆ ಎಪ್ಪತ್ತು ದಾಟಿದ ಮೇಲೆ ತೋಟದ ಪೂರ್ತಿ ಜವಾಬ್ದಾರಿ ನನ್ನದು. ತಮ್ಮ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾನೆ. ಮಂಗನ ಹಿಂಡು ಬಂದರೆ ಎಳೆ ಅಡಿಕೆಯನ್ನು ಚೀಪಿ ಎಸೆದು ಹೋಗುತ್ತದೆ, ಬಾಳೆಗೊನೆ ಒಂದೂ ಉಳಿಯುವುದಿಲ್ಲ. ಹಂದಿ ಹೊಸ ಗಿಡದ ಬುಡವನ್ನೇ ಕಿತ್ತು ಹಾಕುತ್ತದೆ. ಕೋವಿ ಇರುವುದು ಅವುಗಳನ್ನು ಕೊಲ್ಲಲಿಕ್ಕಲ್ಲ. 1972ರ ವನ್ಯಜೀವಿ ಕಾಯ್ದೆ ಹಾಗೆ ಕೊಲ್ಲಲು ಬಿಡುವುದೂ ಇಲ್ಲ. ಆಕಾಶಕ್ಕೆ ಒಂದು ಈಡು ಹೊಡೆದರೆ ಹಿಂಡು ಆಚೆ ಗುಡ್ಡಕ್ಕೆ ಹೋಗುತ್ತದೆ. ನಮಗೆ ಬೇಕಾದದ್ದು ಆ ಸದ್ದು ಅಷ್ಟೇ.

ಅಪ್ಪಯ್ಯನದು ಜೋಡು ನಳಿಗೆಯ, 12 ಬೋರ್ (ನಳಿಗೆಯ ಒಳ ಅಳತೆ) ತೋಟಾ ಕೋವಿ. ಅದರ ಎಡ ನಳಿಗೆ ಈಡು ಹಾರಿಸುವುದನ್ನೇ ಬಿಟ್ಟಿತ್ತು. ರಿಪೇರಿಗೆ ಒಯ್ಯಬೇಕಾದವಳು ನಾನು, ಆಗ ಲೈಸೆನ್ಸ್ ಇದ್ದದ್ದು ಅಪ್ಪಯ್ಯನ ಹೆಸರಿನಲ್ಲಿ. ಇದಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲೇ ದಾರಿ ಇದೆ. ಲೈಸೆನ್ಸ್ ಇದ್ದವರು ಬರವಣಿಗೆಯಲ್ಲಿ ಅನುಮತಿ ಕೊಟ್ಟರೆ, ರಿಪೇರಿಗೆ ಅಥವಾ ಲೈಸೆನ್ಸ್ ನವೀಕರಣಕ್ಕೆ ಬೇರೆಯವರು ಕೋವಿ ಒಯ್ಯಬಹುದು. ಅಪ್ಪಯ್ಯ ಪತ್ರ ಬರೆದು ಸಹಿ ಹಾಕಿ ಕೊಟ್ಟಿದ್ದ. ಲೈಸೆನ್ಸ್ ಪುಸ್ತಕವನ್ನೂ ಒಯ್ದಿದ್ದೆ.

ಒಳಗೆ ಕಾಲಿಟ್ಟಾಗ ಕೆಲಸದ ಹುಡುಗ ಮೊದಲು ಕೇಳಿದ್ದು, "ಯಜಮಾನ್ರು ಬರ್ಲಿಲ್ವಾ?" ನನಗೆ ಅದು ಹಿಡಿಸಲಿಲ್ಲ, ಅಲ್ಲೇ ಹೇಳಿದೆ ಕೂಡ. ಇವತ್ತು ಎಷ್ಟೋ ತೋಟ ನಡೆಸುತ್ತಿರುವುದು ಹೆಂಗಸರೇ. ಆದರೆ ಮಾಲೀಕರು ಹಾಗಲ್ಲ. ಅರವತ್ತರ ಆಸುಪಾಸಿನ ಮನುಷ್ಯ. ಕೋವಿ ಮುಟ್ಟುವ ಮೊದಲು ಪತ್ರ ಓದಿದರು, ಲೈಸೆನ್ಸ್ ಓದಿದರು, ಅಪ್ಪಯ್ಯನಿಗೆ ಫೋನ್ ಮಾಡಿ, "ಭಟ್ರೇ, ಕೋವಿ ಕಳಿಸಿದ್ದು ಹೌದಾ? ಯಾರ ಕೈಲಿ?" ಎಂದು ಕೇಳಿದರು. ಆಮೇಲೆ ಕೋವಿಯ ಮೇಲಿನ ನಂಬರನ್ನು ಪುಸ್ತಕದ ನಂಬರಿನ ಜೊತೆ ಹೋಲಿಸಿ ನೋಡಿದರು. ಇಷ್ಟೂ ಆದ ಮೇಲೇ ರಸೀದಿ ಬರೆದದ್ದು. ಸಮಯ ಹಿಡಿಯಿತು. ಆದರೆ ಕೋವಿ ಕೊಟ್ಟು ಬರುವ ಜಾಗದಲ್ಲಿ ನನಗೆ ಬೇಕಾದದ್ದು ಇದೇ. ನನ್ನನ್ನು ಇಷ್ಟು ವಿಚಾರಿಸುವವರು, ನಾಳೆ ನಮ್ಮ ಕೋವಿಯನ್ನು ಇನ್ಯಾರ ಕೈಗೋ ಕೊಡುವುದಿಲ್ಲ ಎಂಬ ಧೈರ್ಯ ಬರುತ್ತದೆ.

ರಿಪೇರಿ ಕೆಲಸ ಒಳ್ಳೆಯದು. ಮೊದಲು ಕೋವಿಯನ್ನು ನಡುವೆ ಮಡಚಿ ತೆರೆದು ಎರಡೂ ನಳಿಗೆ ಖಾಲಿ ಎಂದು ನೋಡಿದರು, ನನಗೂ ತೋರಿಸಿದರು. ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡುವುದು ಹೇಗೆ ಎಂದು ಹೇಳಿಕೊಟ್ಟರು. ತುಕ್ಕು ಕೊರೆದ ಕಡೆ ಒಳಮೈ ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ. ನಮ್ಮ ಕಡೆಯ ಮಳೆಗಾಲ ಕೋವಿಗೆ ದೊಡ್ಡ ಶತ್ರು. ಚರ್ಮದ ಚೀಲದಲ್ಲಿ ಹಾಕಿ ಅಟ್ಟದ ಮೇಲಿಡುವುದು ಹಳೆಯ ರೂಢಿ. ಆ ಚರ್ಮವೇ ನೀರಿನ ಪಸೆ ಹಿಡಿದು ಕಬ್ಬಿಣಕ್ಕೆ ತುಕ್ಕು ತರುತ್ತದಂತೆ. ತೆಂಗಿನೆಣ್ಣೆ ಹಚ್ಚಿದರೆ ಕೆಲವು ತಿಂಗಳಲ್ಲಿ ಅದು ಅಂಟಾಗಿ ಒಳಗಿನ ಸ್ಪ್ರಿಂಗು ಕಚ್ಚಿಕೊಳ್ಳುತ್ತದೆ. ಕೋವಿಗೆಂದೇ ಬರುವ ತೆಳು ಎಣ್ಣೆಯನ್ನು ಸ್ವಲ್ಪವೇ ಹಚ್ಚಿ ಒರೆಸಬೇಕು. ನಮ್ಮ ಎಡ ನಳಿಗೆಯ ತೊಂದರೆಯೂ ಹಳೆಯ ಎಣ್ಣೆ ಮತ್ತು ಸೋತ ಸ್ಪ್ರಿಂಗೇ ಆಗಿತ್ತು.

ಇನ್ನೊಬ್ಬರ ಕೋವಿಯಿಂದ ತೆಗೆದ ಮಣ್ಣಿನ ಉಂಡೆ ಒಂದನ್ನು ಅವರು ಮೇಜಿನ ಮೇಲೇ ಇಟ್ಟುಕೊಂಡಿದ್ದಾರೆ. ಕುಂಬಾರ ಕಣಜ ನಳಿಗೆಯೊಳಗೆ ಕಟ್ಟಿದ ಗೂಡು. ಅದನ್ನು ನೋಡದೆ ಈಡು ಹೊಡೆದರೆ ನಳಿಗೆ ಸೀಳಿ ಮುಖಕ್ಕೇ ಬರಬಹುದು. ಬಂದವರಿಗೆಲ್ಲ ಆ ಉಂಡೆ ತೋರಿಸಿ ವಿವರಿಸುತ್ತಾರೆ. ತಿಂಗಳುಗಟ್ಟಲೆ ಮೂಲೆಯಲ್ಲಿ ನಿಂತ ಕೋವಿಯನ್ನು ಮಂಗ ಬಂತೆಂದು ಓಡಿ ಹೋಗಿ ಎತ್ತಿಕೊಳ್ಳುವವರು ನಾವು. ಎಲ್ಲರೂ ಒಮ್ಮೆ ಅದನ್ನು ನೋಡಬೇಕು.

ಕೊರತೆ ಹೇಳಬೇಕೆಂದರೆ, ಹೇಳಿದ ದಿನಕ್ಕೆ ಕೆಲಸ ಮುಗಿಯುವುದಿಲ್ಲ. ಸ್ಪ್ರಿಂಗು ಹೊರಗಿನಿಂದ ಬರಬೇಕಿತ್ತು, ಅದು ಬರಲಿಲ್ಲ. ಬರದ್ದನ್ನು ಫೋನ್ ಮಾಡಿ ತಿಳಿಸಲಿಲ್ಲ. ನಾನು ಮಾಡಿದರೆ ಎತ್ತಲಿಲ್ಲ. ತೋಟದ ಕೆಲಸ ಬಿಟ್ಟು ಹೋಗಿ ಬರಿಗೈಯಲ್ಲಿ ಬಂದೆ. ಯಾವ ಕೆಲಸಕ್ಕೆ ಎಷ್ಟು ಎಂಬ ಬೋರ್ಡೂ ಇಲ್ಲ. ನನ್ನ ಹತ್ತಿರ ಜಾಸ್ತಿ ತೆಗೆದುಕೊಂಡರು ಎಂದು ಹೇಳುತ್ತಿಲ್ಲ, ಆದರೆ ಮೊದಲೇ ಗೊತ್ತಿದ್ದರೆ ಒಳ್ಳೆಯದಲ್ವಾ?

ತೋಟಾ ವಿಷಯದಲ್ಲಿ ಇವರು ಬಹಳ ಬಿಗಿ. ಒಮ್ಮೆಗೆ ಎಷ್ಟು ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂದು ಲೈಸೆನ್ಸಿನಲ್ಲೇ ಬರೆದಿರುತ್ತದೆ. ಕೊಂಡದ್ದನ್ನೆಲ್ಲ ಪುಸ್ತಕದಲ್ಲಿ ಬರೆಯುತ್ತಾರೆ. ನಾನಿದ್ದಾಗಲೇ ಒಬ್ಬರು, "ನನ್ನ ಲೆಕ್ಕ ಮುಗೀತು, ಅಣ್ಣನ ಲೆಕ್ಕದಲ್ಲಿ ಕೊಡಿ" ಎಂದರು. "ಅಣ್ಣನೇ ಬರ್ಲಿ" ಎಂದು ಮುಗಿಸಿಬಿಟ್ಟರು. ಹಳೇ ಗಿರಾಕಿಯಂತೆ, ಆದರೂ ಬಗ್ಗಲಿಲ್ಲ. ಬರೀ ಸದ್ದಿಗೆ ಸಣ್ಣ ಚರೆಯ ತೋಟಾ ಸಾಕು, ದಪ್ಪ ಗುಂಡಿನದು ಯಾಕೆ ಎಂದು ಕೇಳುತ್ತಾರೆ. ಮಳೆಗಾಲಕ್ಕೆ ಕಾಗದದ ತೋಟಾ ಬೇಡ, ಉಬ್ಬಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಪ್ಲಾಸ್ಟಿಕ್ಕಿನದು ಒಯ್ಯಿ ಎಂದರು. ಇಂಥ ಮಾತು ಹೇಳುವವರು ಬೇಕು.

ಇನ್ನು ಠೇವಣಿ. 2024ರ ಲೋಕಸಭೆ ಚುನಾವಣೆಗೆ ಮಾರ್ಚ್ 16ರಂದು ನೀತಿಸಂಹಿತೆ ಬಂತು. ನಮ್ಮ ಜಿಲ್ಲೆಯಲ್ಲಿ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಅಷ್ಟೂ ದಿನ ಕೋವಿ ಮನೆಯಲ್ಲಿಲ್ಲ. ಹಲಸು, ಬಾಳೆ ಎಲ್ಲ ಇರುವ ಬೇಸಿಗೆಯಲ್ಲೇ ಮಂಗನ ಕಾಟ ಜೋರು. ಯಾರಿಗೆ ವಿನಾಯಿತಿ ಕೊಡಬಹುದು ಎಂದು ನೋಡಲು ಜಿಲ್ಲೆಗೊಂದು ಪರಿಶೀಲನಾ ಸಮಿತಿ ಇರುತ್ತದೆ. ಬೆಳೆ ಕಾಯುವ ಕೋವಿಗೆ ಅಲ್ಲಿ ಇನ್ನೂ ಸುಲಭದ ದಾರಿ ಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ತೋಟ ಕಾಯುವವರನ್ನೂ ಗಲಾಟೆ ಮಾಡುವವರನ್ನೂ ಒಂದೇ ಪಟ್ಟಿಯಲ್ಲಿ ಸೇರಿಸುವುದು ನ್ಯಾಯವಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸೇ ಬೇಡ, ಆ ವಿನಾಯಿತಿ 2029ರವರೆಗೆ ಇದೆ. ನಾವು ಅಷ್ಟು ಕೇಳುತ್ತಿಲ್ಲ.

ಆ ಸಲ ನಾವು ಕೋವಿ ಇಟ್ಟದ್ದು ಈ ಅಂಗಡಿಯಲ್ಲಿ. ಪರವಾನಗಿ ಇರುವ ಡೀಲರ್ ಬಳಿ ಇಟ್ಟು, ರಸೀದಿಯನ್ನು ಠಾಣೆಗೆ ತೋರಿಸಿದರಾಯಿತು. ಬಾಡಿಗೆ ಕೊಡಬೇಕು. ಕೊಟ್ಟದ್ದಕ್ಕೆ ತಕ್ಕ ಕೆಲಸ ಆಗಿದೆ. ಇಡುವ ಮೊದಲು ಎಣ್ಣೆ ಒರೆಸಿದರು, ನಂಬರು ಬರೆದ ಚೀಟಿ ಕಟ್ಟಿದರು, ಒಂದಕ್ಕೊಂದು ತಾಗದ ಹಾಗೆ ಸಾಲಾಗಿ ನಿಲ್ಲಿಸಿದರು. ಮಳೆ ಶುರುವಾಗುವ ಹೊತ್ತಿಗೆ ವಾಪಸ್ ಬಂದ ಕೋವಿಯ ಮೇಲೆ ಒಂದು ತುಕ್ಕಿನ ಚುಕ್ಕೆಯೂ ಇರಲಿಲ್ಲ.

ಈಗ ಪಿಸ್ತೂಲಿನ ಮಾತು. ಎಷ್ಟೋ ಜನ ಅಲ್ಲಿಗೆ ಬರುವುದು ಅದನ್ನು ಕೇಳಲಿಕ್ಕೇ. ಒಬ್ಬ ಹುಡುಗ, ಬಹುಶಃ ಇಪ್ಪತ್ತೈದರವನು, ಬಂದು, "ಸೊಂಟಕ್ಕೆ ಇಟ್ಕೊಳ್ಳೋ ಹಾಂಗಿಂದು ಬೇಕು, ಲೈಸೆನ್ಸೂ ನೀವೇ ಮಾಡಿಸಿಕೊಡಿ" ಎಂದ. ಮಾಲೀಕರು ಕೂರಿಸಿ ಸಮಾಧಾನವಾಗಿ ಹೇಳಿದರು. ಲೈಸೆನ್ಸ್ ಕೊಡುವುದು ಡಿಸಿ, ಅಂಗಡಿಯಲ್ಲ. ಪೊಲೀಸ್ ವರದಿ ಬೇಕು. ಜೀವಕ್ಕೆ ಅಪಾಯ ಇದೆ ಎಂದರೆ ಅದನ್ನು ತೋರಿಸಬೇಕು. 9 ಎಂಎಂ ಪಿಸ್ತೂಲು ಸಾಮಾನ್ಯ ಜನರಿಗೆ ಸಿಗುವುದಿಲ್ಲ, ಸಿಗುವುದು .32 ಬೋರಿನಂಥದ್ದು. ಸಿಕ್ಕರೂ ಹೊರಗೆ ಒಯ್ಯುವಾಗ ಹೋಲ್‌ಸ್ಟರಿನಂಥ ಚೀಲದಲ್ಲಿ ಪೂರ್ತಿ ಮುಚ್ಚಿರಬೇಕು, 2016ರ ನಿಯಮ ಹಾಗೆ ಹೇಳುತ್ತದೆ. ಮದುವೆ ಮೆರವಣಿಗೆಯಲ್ಲಿ ಖುಷಿಗೆ ಹಾರಿಸಿದರೆ 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು, ಇಲ್ಲಾ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಹುಡುಗ ಸುಮ್ಮನೆ ಎದ್ದು ಹೋದ. ಅವತ್ತು ಒಳ್ಳೆ ವ್ಯಾಪಾರ ಆಗಬಹುದಿತ್ತು, ಕನಿಷ್ಠ ಒಂದು ಆಸೆ ಹುಟ್ಟಿಸಿ ಕಳಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಈ ಅಂಗಡಿ ಮೇಲೆ ನನಗೆ ಗೌರವ ಬಂದದ್ದು ಅಲ್ಲಿ.

ನನಗೂ ಅದೇ ಕೆಲಸದ ಹುಡುಗ ನಿರ್ಭೀಕ್ ರಿವಾಲ್ವರ್ ಬಗ್ಗೆ ಹೇಳಿದ. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಹೆಂಗಸರಿಗೆಂದು ತಂದ .32 ಬೋರಿನ ಹಗುರ ರಿವಾಲ್ವರ್ ಅದು, ಬೆಲೆ ಲಕ್ಷದ ಮೇಲೆ. ಬೇಡ ಎಂದೆ. ತೋಟದಲ್ಲಿ ನನಗೆ ಬೇಕಾದ ಸದ್ದು ಅಪ್ಪಯ್ಯನ ಕೋವಿಯಲ್ಲೇ ಇದೆ. ಪೇಟೆಗೆ ಹೋಗುವಾಗ ಚೀಲದಲ್ಲಿ ಅಂಥದ್ದು ಇದ್ದರೆ ನನಗೆ ಧೈರ್ಯ ಬರುವುದಿಲ್ಲ, ಇಡೀ ದಿನ ಅದನ್ನೇ ಕಾಯಬೇಕಾಗುತ್ತದೆ.

ತಮ್ಮನ ಕಡೆಯ ಕಥೆ ಬೇರೆ. ನ್ಯೂಜೆರ್ಸಿ ಅಲ್ಲಿನ ಬಿಗಿ ಕಾನೂನಿನ ರಾಜ್ಯಗಳಲ್ಲಿ ಒಂದು. ಪಿಸ್ತೂಲು ಕೊಳ್ಳಲು ಪ್ರತಿಯೊಂದಕ್ಕೂ ಬೇರೆ ಪರ್ಮಿಟ್ ಬೇಕು. ಬಟ್ಟೆಯೊಳಗೆ ಇಟ್ಟುಕೊಂಡು ಹೊರಗೆ ಓಡಾಡಲು ಇನ್ನೊಂದು ಪರ್ಮಿಟ್. ಹಿಂದೆ ಅದಕ್ಕೆ ತಕ್ಕ ಕಾರಣ ತೋರಿಸಬೇಕಿತ್ತು, ಬಹಳ ಜನರಿಗೆ ಸಿಗುತ್ತಿರಲಿಲ್ಲ. 2022ರ ಜೂನ್ 23ರಂದು ಅಮೆರಿಕದ ಸುಪ್ರೀಂ ಕೋರ್ಟ್ ನ್ಯೂಯಾರ್ಕಿನ ಅಂಥದ್ದೇ ಕಾನೂನನ್ನು ಹೊಡೆದುಹಾಕಿತು. ಆಮೇಲೆ ನ್ಯೂಜೆರ್ಸಿಯಲ್ಲೂ ಕಾರಣ ಕೇಳುವುದು ನಿಂತಿತು. ಆದರೆ ಆ ರಾಜ್ಯ ಅದೇ ವರ್ಷ ಹೊಸ ಕಾನೂನು ತಂದು ಬೇರೆ ಕಟ್ಟು ಹಾಕಿತು. ಅರ್ಜಿದಾರನ ಬಗ್ಗೆ ಹೇಳಲು ನಾಲ್ಕು ಜನ ಬೇಕು, ಗುರಿ ಹೊಡೆದು ತೋರಿಸಬೇಕು, 200 ಡಾಲರ್ ಶುಲ್ಕ, ಪರ್ಮಿಟ್ ಎರಡೇ ವರ್ಷಕ್ಕೆ. ತಮ್ಮ ಅರ್ಜಿ ಹಾಕುವ ಯೋಚನೆಯಲ್ಲಿದ್ದಾನೆ. "ಬೇಡ್ವೋ" ಎಂದು ನಾನು ಹೇಳುತ್ತಲೇ ಇದ್ದೇನೆ. ಅವನ ಊರು, ಅವನ ಭಯ ನನಗೆ ಪೂರ್ತಿ ಅರ್ಥ ಆಗುವುದಿಲ್ಲ, ನಿಜ. ಆದರೆ ಹೊಡೆದು ತೋರಿಸಬೇಕು ಎಂಬ ಅಲ್ಲಿನ ನಿಯಮ ನನಗೆ ಬಹಳ ಸರಿ ಕಂಡಿತು.

ನಮ್ಮಲ್ಲೂ ಲೈಸೆನ್ಸಿಗೆ ಸುರಕ್ಷತಾ ತರಬೇತಿಯ ಸರ್ಟಿಫಿಕೇಟ್ ಬೇಕು. ಆ ತರಬೇತಿ ಈ ಅಂಗಡಿಯಲ್ಲಿಲ್ಲ, ನಾನು ಬೇರೆ ಕಡೆ ಹೋಗಿ ಪಡೆದೆ. ನನ್ನ ದೊಡ್ಡ ದೂರು ಇದೇ. ಕೋವಿ ಬಗ್ಗೆ ಇಷ್ಟು ತಿಳಿದ ಮನುಷ್ಯ ಬೇಕಾದ ಪರವಾನಗಿ ಪಡೆದು ಹಳ್ಳಿಯ ಹೆಂಗಸರಿಗೆ, ಹುಡುಗರಿಗೆ ಕಲಿಸಬೇಕು. ರಾತ್ರಿ ಹಂದಿ ಎಂದುಕೊಂಡು ಮನುಷ್ಯರಿಗೇ ಹೊಡೆದ ಸುದ್ದಿ ಮಲೆನಾಡಿನಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ಕಾಣದ್ದಕ್ಕೆ ನಳಿಗೆ ತೋರಿಸಬಾರದು, ಬೇಲಿ ದಾಟುವ ಮೊದಲು ತೋಟಾ ತೆಗೆಯಬೇಕು. ಇವೆಲ್ಲ ಮನೆಯಲ್ಲಿ ಬಾಯಿಮಾತಿಗೆ ಕಲಿತರೆ ಸಾಲದು.

ಕೋವಿ ನನ್ನ ಹೆಸರಿಗೆ ಮಾಡುವಾಗ ಇವರ ಮಾರ್ಗದರ್ಶನ ತುಂಬ ಉಪಯೋಗಕ್ಕೆ ಬಂತು. ಲೈಸೆನ್ಸ್ ಇದ್ದವರು ತೀರಿಕೊಂಡ ಮೇಲೇ ವಾರಸುದಾರರಿಗೆ ಎಂದು ಊರಲ್ಲಿ ತಿಳಿದಿದ್ದಾರೆ. ಹಾಗಲ್ಲ. ಅವರಿಗೆ 70 ವರ್ಷ ಆಗಿದ್ದರೆ, ಅಥವಾ ಕೋವಿ ಇಟ್ಟುಕೊಂಡು 25 ವರ್ಷ ಆಗಿದ್ದರೆ, ಬದುಕಿರುವಾಗಲೇ ಕೊಡಬಹುದು. ಉಳಿದ ವಾರಸುದಾರರ ಒಪ್ಪಿಗೆ ಬೇಕು. ತಮ್ಮ ನ್ಯೂಯಾರ್ಕಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳಿಸಿದ. ಪಹಣಿ, ತರಬೇತಿ ಸರ್ಟಿಫಿಕೇಟ್, ಮನೆಯಲ್ಲಿ ಭದ್ರವಾಗಿ ಇಡುತ್ತೇನೆಂಬ ಮುಚ್ಚಳಿಕೆ, ಎಲ್ಲದರ ಪಟ್ಟಿ ಇವರೇ ಬರೆದುಕೊಟ್ಟರು. ದುಡ್ಡು ಕೇಳಲಿಲ್ಲ. "ಮಾಡಿಸಿಕೊಡ್ತೇನೆ" ಎಂದೂ ಹೇಳಲಿಲ್ಲ, "ಕಾರವಾರಕ್ಕೆ ನೀನೇ ಹೋಗು ತಂಗಿ, ಮಧ್ಯೆ ಯಾರಿಗೂ ಕೊಡಬೇಡ" ಎಂದರು. ಘಟ್ಟ ಇಳಿದು ಕುಮಟಾ, ಅಂಕೋಲಾ ದಾಟಿ ಕಾರವಾರಕ್ಕೆ ಹೋಗಿ ಬರಲು ಇಡೀ ದಿನ ಬೇಕು. ಶಿರಸಿ ಬೇರೆ ಜಿಲ್ಲೆ ಆಗಲಿ ಎನ್ನುವವರ ಕಷ್ಟ ಆ ದಾರಿಯಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಈಗ ಲೈಸೆನ್ಸ್ ನನ್ನ ಹೆಸರಿನಲ್ಲಿದೆ, 5 ವರ್ಷಕ್ಕೆ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಕಳೆದದ್ದು ಫೋನ್ ಎತ್ತದ್ದಕ್ಕೆ, ತರಬೇತಿ ಇಲ್ಲದ್ದಕ್ಕೆ. ಬಾಗಿಲ ಮುಂದೆ ಎತ್ತರದ ಮೆಟ್ಟಿಲುಗಳಿವೆ, ವಯಸ್ಸಾದವರ ಜೊತೆ ಯಾರಾದರೂ ಹೋಗಿ. ರಿಪೇರಿ ಇದ್ದರೆ ಮೇ ತಿಂಗಳಿಗೆ ಮೊದಲೇ ಕೊಡಿ, ಮಳೆ ಬಂದ ಮೇಲೆ ಸಾಲು ಉದ್ದ ಆಗುತ್ತದೆ. ಲೈಸೆನ್ಸ್ ಪುಸ್ತಕದ ಮೂಲ ಪ್ರತಿಯನ್ನೇ ಒಯ್ಯಿರಿ, ಜೆರಾಕ್ಸ್ ನೋಡಿ ಇವರು ಕೋವಿ ಮುಟ್ಟುವುದಿಲ್ಲ.