ಮನೆಯಲ್ಲೇ ಮಾಡಿದ ಡ್ರಮ್ ಕಾಫಿ ರೋಸ್ಟರ್: ನಾಲ್ಕು ವರ್ಷ ಹುರಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ದುಡ್ಡು ಉಳಿಯುತ್ತದೆ ಅಂತ ಇದಕ್ಕೆ ಕೈ ಹಾಕಬೇಡಿ. ನಾವಿರುವುದು ಎದುರಿಗೇ ಹುರಿದು ಬೀಸಿ ಕೊಡುವ ಕಾಫಿಪುಡಿ ಅಂಗಡಿಗಳಿರುವ ಊರಿನಲ್ಲಿ. ನಾನು ಇದನ್ನು ಮಾಡಿದ್ದು ಹುಚ್ಚಿಗೆ. ಆ ಹುಚ್ಚು ನಾಲ್ಕು ವರ್ಷದಿಂದ ಬೆಂಗಳೂರಿನ ನಮ್ಮ ಮನೆಯ ತಾರಸಿ ಮೇಲೆ ಭಾನುವಾರಗಳಲ್ಲಿ ಗಿರಗಿರ ತಿರುಗುತ್ತಿದೆ.

ಮೂಡಿಗೆರೆ ಕಡೆಯ ಅಜ್ಜಿ ಮನೆಯಲ್ಲಿ ಕಾಫಿ ಹುರಿಯುವ ಡಬ್ಬ ಇತ್ತು. ತಗಡಿನ ಉದ್ದನೆ ಡಬ್ಬ, ನಡುವೆ ಒಂದು ಸರಳು, ತುದಿಗೆ ಹಿಡಿಕೆ, ಕೆಳಗೆ ಕೆಂಡ. ತಿರುಗಿಸುವ ಕೆಲಸ ಮಕ್ಕಳದ್ದು, ಸಾಕು ಅನ್ನುವ ಕೆಲಸ ಅಜ್ಜಿಯದ್ದು. ನನ್ನ ಯಂತ್ರದಲ್ಲಿ ಹಿಡಿಕೆಯ ಜಾಗಕ್ಕೆ ಮೋಟಾರು ಬಂದಿದೆ, ಕೆಂಡದ ಜಾಗಕ್ಕೆ ಗ್ಯಾಸು, ಅಜ್ಜಿಯ ಮೂಗಿನ ಜಾಗಕ್ಕೆ ಬಿಸಿ ಅಳೆಯುವ ಥರ್ಮೋಕಪಲ್. ಮೂರನೆಯದು ಇನ್ನೂ ಅಜ್ಜಿಯ ಮಟ್ಟ ಮುಟ್ಟಿಲ್ಲ.

ಡ್ರಮ್ಮಿನ ಅಡ್ಡಳತೆ 15 ಸೆಂ.ಮೀ., ಉದ್ದ 25. ಒಳಗೆ ಸುಮಾರು 4.4 ಲೀಟರ್ ಜಾಗ. ಅರ್ಧ ಕಿಲೋ ಹಸಿ ಬೀಜ ಸುರಿದರೆ ಮುಕ್ಕಾಲು ಲೀಟರಷ್ಟೇ ತುಂಬುತ್ತದೆ. ಇಷ್ಟೊಂದು ಖಾಲಿ ಯಾಕೆ ಸಾರ್ ಅಂತ ವೆಲ್ಡಿಂಗಿನವನು ಕೇಳಿದ. ಬೀಜ ಹುರಿಯುತ್ತಾ ಉಬ್ಬುತ್ತದೆ, ಮಗುಚಿ ಬೀಳಲೂ ಜಾಗ ಬೇಕು. ಅವನಿಗಿಂತ ಮೊದಲು ವಿಚಾರಿಸಿದ್ದ ಒಬ್ಬ ಜಿಐ ತಗಡಿನಲ್ಲಿ ಮಾಡಿಕೊಡ್ತೀನಿ, ಅರ್ಧ ರೇಟು ಅಂದಿದ್ದ. ಜಿಐ ಅಂದರೆ ಸತುವಿನ ಲೇಪ. ನೇರ ಉರಿ ತಾಗುವ ಪಾತ್ರೆಗೆ ಅದು ಸಲ್ಲದು. 304 ಅನ್ನುವ ಸ್ಟೇನ್‌ಲೆಸ್ ಸ್ಟೀಲೇ ಬೇಕು ಅಂತ ಹಟ ಹಿಡಿದೆ. ದಪ್ಪ 1.5 ಮಿ.ಮೀ., ತೂತಿಲ್ಲದ ಗೋಡೆ, ಒಳಗೆ ಮೂರು ಓರೆ ಪಟ್ಟಿ. ನಾಲ್ಕು ವರ್ಷದಲ್ಲಿ ಡ್ರಮ್ ಒಂದು ಸಲವೂ ಕೈಕೊಟ್ಟಿಲ್ಲ. ಕೈಕೊಟ್ಟಿದ್ದು ಅದರ ಸುತ್ತ ಇರುವುದೆಲ್ಲ.

ಮೊದಲ ತಪ್ಪು ಮೋಟಾರಿನದು. ನಿಮಿಷಕ್ಕೆ 100 ಸುತ್ತಿನ ಗೇರ್ ಮೋಟಾರು ತಂದು ಹಾಕಿದೆ. ಬೀಜ ಮಗುಚುವ ಬದಲು ಗೋಡೆ ಹಿಡಿದು ಸುತ್ತತೊಡಗಿತು. ಬಕೆಟ್ ನೀರನ್ನು ಜೋರಾಗಿ ಬೀಸಿ ತಿರುಗಿಸಿದರೆ ತಲೆ ಮೇಲೆ ಬಂದಾಗಲೂ ಚೆಲ್ಲುವುದಿಲ್ಲ ಅಲ್ವಾ, ಅದೇ ಕತೆ. ಆಮೇಲೆ ಕೂತು ಲೆಕ್ಕ ಹಾಕಿದೆ. ಈ ಅಳತೆಯ ಡ್ರಮ್ 109 ಸುತ್ತು ಮುಟ್ಟಿದರೆ ಬೀಜ ಪೂರ್ತಿ ಗೋಡೆಗೆ ಅಂಟುತ್ತದೆ. ಅದರ ಅರ್ಧ, ಅಥವಾ ಅರ್ಧಕ್ಕಿಂತ ಚೂರು ಮೇಲೆ ಇರಬೇಕು. ಜೆ.ಸಿ. ರಸ್ತೆಯಲ್ಲಿ ಕಾರಿನ ಹಳೇ ವೈಪರ್ ಮೋಟಾರು ಸಿಕ್ಕಿತು, ವೇಗ ತಿದ್ದುವ ಪುಟ್ಟ ಬೋರ್ಡು ಎಸ್.ಪಿ. ರಸ್ತೆಯಲ್ಲಿ. ಈಗ 55ರಿಂದ 60 ಸುತ್ತು. ಬೀಜ ಮಳೆ ಸುರಿದ ಹಾಗೆ ಬೀಳುವ ಸದ್ದು ಬಂದರೆ ವೇಗ ಸರಿ ಇದೆ ಅಂತ ಅರ್ಥ.

ಎರಡನೆಯದು ನಗೆಪಾಟಲು. ತಣ್ಣಗಿದ್ದಾಗ ಬೆಣ್ಣೆಯ ಹಾಗೆ ತಿರುಗುತ್ತಿದ್ದ ಡ್ರಮ್ ಬಿಸಿಯಾದ ಹತ್ತು ನಿಮಿಷಕ್ಕೆ ಕಿರ್ರ್ ಅಂದು ನಿಂತೇಬಿಟ್ಟಿತು. ಒಳಗಿದ್ದ ಅರ್ಧ ಕಿಲೋ ಒಂದೇ ಬದಿ ಕರಿ ಇದ್ದಿಲಾಯಿತು. ಕಾರಣ ಹುಡುಕಲು ಎರಡು ವಾರ ಬೇಕಾಯಿತು. ಉಕ್ಕು ಬಿಸಿಗೆ ಹಿಗ್ಗುತ್ತದೆ. 25 ಸೆಂ.ಮೀ. ಉದ್ದದ ಈ ಡ್ರಮ್ 200 ಡಿಗ್ರಿ ಏರಿದರೆ ಹತ್ತಿರ ಹತ್ತಿರ 1 ಮಿ.ಮೀ. ಉದ್ದವಾಗುತ್ತದೆ. ನಾನು ಎರಡೂ ತುದಿಯನ್ನು ಬಿಗಿಯಾಗಿ ಬೇರಿಂಗಿಗೆ ಕಚ್ಚಿಸಿದ್ದೆ. ಹಿಗ್ಗಲು ಜಾಗ ಎಲ್ಲಿ? ಈಗ ಮುಂದಿನ ತುದಿ ಬಿಗಿ, ಹಿಂದಿನ ತುದಿ ಕಂಚಿನ ಬುಷ್ ಅನ್ನುವ ಬಳೆಯೊಳಗೆ ಸಡಿಲವಾಗಿ ಜಾರುತ್ತದೆ. ಬೇರಿಂಗಿನ ಮಾಮೂಲಿ ಗ್ರೀಸು ಕೂಡ ಕರಗಿ ತೊಟ್ಟಿಕ್ಕುತ್ತಿತ್ತು. ಹೆಚ್ಚು ಬಿಸಿ ತಡೆಯುವ ಗ್ರೀಸು ಕೇಳಿ ತನ್ನಿ, ಅಷ್ಟೇ.

ಇಷ್ಟೆಲ್ಲ ಸರಿ ಮಾಡಿಕೊಂಡ ಮೇಲೂ ಕಾಫಿ ಚೆನ್ನಾಗಿ ಬರಲಿಲ್ಲ. ಯಾವ ಬೀಜ ಹಾಕಿದರೂ ಒಂದೇ ರುಚಿ. ಹೊಗೆ ರುಚಿ. ಅಮ್ಮ ಒಂದು ಗುಟುಕು ಕುಡಿದು, ಸ್ನಾನದ ಒಲೆ ಮುಂದೆ ಕೂತ ಹಾಗಿದೆ ಅಂದಳು. ಡ್ರಮ್ಮಿನ ಬಗ್ಗೆ ನಾನು ತಲೆ ಕೆಡಿಸಿಕೊಂಡಿದ್ದು ಆರು ತಿಂಗಳು, ಗಾಳಿಯ ಬಗ್ಗೆ ಯೋಚಿಸಿದ್ದು ಆರು ನಿಮಿಷವೂ ಅಲ್ಲ. ಒಳಗೆ ಹುಟ್ಟಿದ ಹೊಗೆ ಅಲ್ಲೇ ಸುತ್ತಿ ಬೀಜಕ್ಕೇ ಹತ್ತುತ್ತಿತ್ತು. ಹಿಂಬದಿಗೆ ಒಂದು ಕೊಳವೆ, ಅದರ ತುದಿಗೆ ಸಣ್ಣ ಬ್ಲೋವರ್, ನಡುವೆ ಬೀಜದಿಂದ ಕಳಚಿದ ಹೊಟ್ಟು ಬೀಳಲು ಹಳೇ ಎಣ್ಣೆ ಟಿನ್ ಸೇರಿಸಿದೆ. ಮೊದಲ ದಿನವೇ ವ್ಯತ್ಯಾಸ ಗೊತ್ತಾಯಿತು. ಖುಷಿಯಲ್ಲಿ ಬ್ಲೋವರ್ ಪೂರ್ತಿ ತಿರುಗಿಸಿದೆ ನೋಡಿ, ಡ್ರಮ್ಮೇ ತಣ್ಣಗಾಗಿ ಹುರಿಯುವುದು 20 ನಿಮಿಷ ಎಳೆಯಿತು. ಆ ಕಾಫಿ ಹುರಿದಿದ್ದಲ್ಲ, ಬೇಯಿಸಿದ್ದು. ಸಪ್ಪೆ. ಕೊಳವೆಗೆ ಒಂದು ತಗಡಿನ ಮುಚ್ಚಳ ಇಟ್ಟ ಮೇಲೆ ಹದ ಸಿಕ್ಕಿತು. ಬೀಜ ಹಳದಿಯಾಗುವ ತನಕ ಕಾಲು ಭಾಗ ತೆರೆದಿರುತ್ತದೆ, ಸಿಡಿಯಲು ಶುರುವಾದ ಮೇಲೆ ಮುಕ್ಕಾಲು. ಹೊಸದಾಗಿ ಕಟ್ಟುವವರು ಡ್ರಮ್ಮಿಗೆ ಮೊದಲು ಈ ಕೊಳವೆಯ ಚಿತ್ರ ಬರೆದುಕೊಳ್ಳಿ.

ಹುರಿದ ಬೀಜವನ್ನು ತಣ್ಣಗಾಗಿಸುವುದೂ ಅಷ್ಟೇ ಮುಖ್ಯ. ಗ್ಯಾಸು ಆರಿಸಿದ ತಕ್ಷಣ ಹುರಿಯುವುದು ನಿಲ್ಲುವುದಿಲ್ಲ. ಬೀಜದೊಳಗಿನ ಬಿಸಿ ಕೆಲಸ ಮಾಡುತ್ತಲೇ ಇರುತ್ತದೆ. ಅಜ್ಜಿಯ ಹಾಗೆ ಮೊರದಲ್ಲಿ ಕೇರಲು ಹೋದೆ, ಜೊತೆಗೆ ಟೇಬಲ್ ಫ್ಯಾನು. ಹೊಟ್ಟೆಲ್ಲ ಹಾರಿ ಪಕ್ಕದ ಮನೆಯವರು ಒಣಹಾಕಿದ್ದ ಬಿಳಿ ಪಂಚೆ ಮೇಲೆ ಕೂತಿತು. ಅರ್ಧ ಕಿಲೋ ಪುಡಿ ಕೊಟ್ಟು ರಾಜಿಯಾದೆ. ಈಗ ಬಕೆಟ್ ಮೇಲೆ ಜರಡಿ, ಬಕೆಟ್ ಬದಿಗೆ ಗಾಳಿ ಎಳೆಯುವ ಫ್ಯಾನು. ಮೂರು ನಿಮಿಷಕ್ಕೆ ಬೀಜ ಕೈಯಲ್ಲಿ ಹಿಡಿಯುವಷ್ಟು ತಣ್ಣಗಾಗುತ್ತದೆ.

ಥರ್ಮೋಕಪಲ್ ಬಗ್ಗೆ ಒಂದು ಮಾತು. ಕೆ ಟೈಪ್ ಅನ್ನುವ ಮಾಮೂಲಿ ಬಗೆ ಸಾಕು. ಆದರೆ ತುದಿ ಬೀಜದ ರಾಶಿಯಲ್ಲಿ ಮುಳುಗಿರಬೇಕು. ನನ್ನದು ಮೊದಲು ಗಾಳಿಯಲ್ಲಿ ನೇತಾಡುತ್ತಿತ್ತು. ಬೀಜ ಇನ್ನೂ ಹಳದಿ ಇದ್ದಾಗಲೇ 230 ತೋರಿಸಿ ಹೆದರಿಸಿತು. ಜಾಗ ಬದಲಾಯಿಸಿ, ಆರ್ಡುಯಿನೋ ಅನ್ನುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿನ ಮೂಲಕ ಲ್ಯಾಪ್‌ಟಾಪಿಗೆ ಜೋಡಿಸಿದೆ. ಆರ್ಟಿಸಾನ್ ಅನ್ನುವ ತಂತ್ರಾಂಶ ಉಚಿತ, ಬಿಸಿ ಏರುವುದನ್ನು ಗೆರೆ ಎಳೆದು ತೋರಿಸುತ್ತದೆ. ನಾನು 190 ಡಿಗ್ರಿಯಲ್ಲಿ ಬೀಜ ಸುರಿಯುತ್ತೇನೆ. ಐದು ನಿಮಿಷಕ್ಕೆ ಹಸಿರು ಹೋಗಿ ಹಳದಿ, ಹುಲ್ಲಿನ ವಾಸನೆ ಹೋಗಿ ಬ್ರೆಡ್ಡಿನ ವಾಸನೆ. ಒಂಬತ್ತೂವರೆ ನಿಮಿಷದ ಹೊತ್ತಿಗೆ ಬೀಜ ಸಿಡಿಯುವ ಮೊದಲ ಚಟಪಟ. ಅಲ್ಲಿಂದ ಎರಡು ನಿಮಿಷ ಬಿಟ್ಟು ಇಳಿಸಿದರೆ 500 ಗ್ರಾಂ ಹಸಿ ಬೀಜ 425 ಗ್ರಾಂ ಆಗಿರುತ್ತದೆ. ಎಲ್ಲ ಕಡೆ ಹೇಳುವುದು ಸುಮಾರು 196 ಡಿಗ್ರಿಗೆ ಸಿಡಿಯುತ್ತದೆ ಅಂತ. ನನ್ನದು ತೋರಿಸುವುದು 188. ಬೇರೆಯವರ ಅಂಕಿ ನೋಡಿ ಇಳಿಸಬೇಡಿ, ನಿಮ್ಮ ಯಂತ್ರಕ್ಕೆ ಅದರದೇ ಅಂಕಿ ಇರುತ್ತದೆ.

ಬೀಜ ಊರಿನಿಂದ ಬರುತ್ತದೆ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ಹಳೇ ತಳಿ ಎಸ್.795 ಅರೇಬಿಕಾ, ಜೊತೆಗೆ ರೋಬಸ್ಟಾ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ, ತಿರುಳು ತೆಗೆದು ಒಣಗಿಸಿದ್ದು. ಎರಡನ್ನೂ ಬೇರೆ ಬೇರೆ ಹುರಿದು ಆಮೇಲೆ ಬೆರೆಸುತ್ತೇನೆ. ಹದ ಒಂದೇ ಅಲ್ಲವಲ್ಲ. ಪೀಬೆರಿ, ಅಂದರೆ ಹಣ್ಣಿನಲ್ಲಿ ಎರಡರ ಬದಲು ಒಂದೇ ಆಗಿ ಬೆಳೆದ ಬೀಜ, ಸಿಕ್ಕರೆ ಹಬ್ಬ, ದುಂಡಗಿರುವುದರಿಂದ ಚೆನ್ನಾಗಿ ಉರುಳಿ ಒಂದೇ ಸಮ ಹುರಿಯುತ್ತದೆ. ಕೈ ಸುಟ್ಟುಕೊಂಡಿದ್ದು ಮಾನ್ಸೂನ್ಡ್ ಮಲಬಾರ್ ಹಾಕಿದಾಗ. ಕರಾವಳಿಯ ಮಳೆಗಾಲದ ಗಾಳಿ ಕುಡಿದು ಉಬ್ಬಿ, ಬಿಳಿಚಿದ, ಹಗುರ ಬೀಜ ಅದು. ಮಾಮೂಲಿ ಬಿಸಿಗೆ ಸುರಿದರೆ ಹೊರಗೆ ಸುಟ್ಟು ಒಳಗೆ ಹಸಿಯಾಗಿ ಉಳಿಯುತ್ತದೆ. ಅದಕ್ಕೆ 160ರಲ್ಲಿ ಶುರು ಮಾಡಿ.

ಎರಡನೇ ವರ್ಷ ಒಂದು ಸಲ ಬೆಂಕಿ ಹತ್ತಿತ್ತು. ಬರ್ನರ್ ಪಕ್ಕದ ತಟ್ಟೆಯಲ್ಲಿ ಮೂರು ಬ್ಯಾಚಿನ ಹೊಟ್ಟು ಹಾಗೇ ಬಿಟ್ಟಿದ್ದೆ. ಒಣ ಹೊಟ್ಟು, ಕಾಗದಕ್ಕಿಂತ ಬೇಗ ಹತ್ತುತ್ತದೆ. ಗ್ಯಾಸು ಮುಚ್ಚಿ, ಬ್ಲೋವರ್ ನಿಲ್ಲಿಸಿ, ಯಂತ್ರದ ಬಾಗಿಲು ತೆಗೆಯದೆ ಕಾದೆ. ತೆಗೆದಿದ್ದರೆ ಗಾಳಿ ಸಿಕ್ಕಿ ಉರಿ ಜಾಸ್ತಿಯಾಗುತ್ತಿತ್ತು. ಈಗ ಪ್ರತಿ ಬ್ಯಾಚಿಗೂ ತಟ್ಟೆ ಖಾಲಿ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್. ಮನೆಯೊಳಗಂತೂ ಇದನ್ನು ಹಚ್ಚಲೇಬೇಡಿ.

ಇನ್ನು ಕರೆಂಟು. ಚಟಪಟ ಶುರುವಾದ ಹೊತ್ತಿಗೇ ಹೋಯಿತು ಅಂದರೆ ಏನು ಮಾಡುತ್ತೀರಿ? ವೈಪರ್ ಮೋಟಾರು 12 ವೋಲ್ಟಿನದು, ಸ್ಕೂಟರ್ ಬ್ಯಾಟರಿ ಸಾಕು ಅಂತ ಆಮೇಲೆ ಹೊಳೆಯಿತು. ಅದಕ್ಕೂ ಮೊದಲು ಒಂದು ಸಂಜೆ ಹಾಗೇ ಆದಾಗ ಮೋಟಾರಿನ ಚೈನು ಬಿಚ್ಚಿ, ಸರಳಿಗೆ ಪಾನಾ ಸಿಕ್ಕಿಸಿ ತಿರುಗಿಸುತ್ತಾ ನಿಂತೆ. ಬ್ಲೋವರ್ ಇಲ್ಲ, ಮೀಟರ್ ಇಲ್ಲ, ಲ್ಯಾಪ್‌ಟಾಪಿನಲ್ಲಿ ಗೆರೆ ಇಲ್ಲ. ಅಮ್ಮ ಮೇಲೆ ಬಂದಳು. ಐದು ನಿಮಿಷ ಸುಮ್ನೆ ನಿಂತು ಮೂಸಿದಳು. ಎರಡನೇ ಸಲ ಸಣ್ಣಗೆ ಸಿಡಿಯುವ ಸದ್ದು ಬಂದಿದ್ದೇ, ಇಳಿಸು ಅಂದಳು. ಅಳೆದರೆ 410 ಗ್ರಾಂ. ನಾನು ಯಾವತ್ತೂ ಅಷ್ಟು ಕಪ್ಪಗೆ ಹುರಿದವನಲ್ಲ. ಎರಡು ದಿನ ಬಿಟ್ಟು ಬೀಸಿ, ಐದಕ್ಕೆ ಒಂದು ಪಾಲು ಚಿಕೋರಿ ಬೆರೆಸಿ ಫಿಲ್ಟರಿಗೆ ಹಾಕಿದೆವು. ಹಾಲಿಗೆ ಮಣಿಯದ ಕಾಫಿ. ಆವತ್ತಿನಿಂದ ಮನೆಗೆ ಅದೇ ಹದ. ಹಗುರವಾಗಿ ಹುರಿದಿದ್ದು ನನಗೊಬ್ಬನಿಗೆ, ಅದನ್ನು ಅವಳು ಈಗಲೂ ಹುಣಸೆನೀರು ಅನ್ನುತ್ತಾಳೆ.

ಖರ್ಚು? ಹಾಳಾದ ಮೋಟಾರು, ಸುಟ್ಟ ಬೀಜ ಬಿಟ್ಟು ಸುಮಾರು 11,000 ರೂಪಾಯಿ. ಅವನ್ನೂ ಸೇರಿಸಿ ಬರೆಯುವ ಹಾಗಿಲ್ಲ, ಹೆಂಡತಿ ಇದನ್ನು ಓದುತ್ತಾಳೆ. ಭಾನುವಾರಕ್ಕೆ ಮೂರು ಬ್ಯಾಚು, ಒಂದೂಕಾಲು ಗಂಟೆ ಕೆಲಸ, ಎರಡು ವಾರಕ್ಕೆ ಸಾಕು. ವೆಲ್ಡಿಂಗ್, ಲೇತ್ ಕೆಲಸದವರ ಜೊತೆ ನಿಂತು ಮಾಡಿಸುವ ತಾಳ್ಮೆ ಇದ್ದರೆ ಕಟ್ಟಿ. ಇಲ್ಲದಿದ್ದರೆ ದಪ್ಪ ತಳದ ಬಾಣಲೆ, ಮರದ ಸೌಟು, 200 ಗ್ರಾಂ ಬೀಜದಿಂದ ಶುರು ಮಾಡಿ.

ನನ್ನದರಲ್ಲಿ ಹಿಂಬದಿಯ ಕಂಚಿನ ಬುಷ್ ಸವೆದಿದೆ, ಮೊನ್ನೆಯಿಂದ ಟಕ್ ಟಕ್ ಅನ್ನುತ್ತಿದೆ. ಈ ಭಾನುವಾರ ಹುರಿಯುವುದಿಲ್ಲ, ಅದನ್ನೇ ಬಿಚ್ಚಬೇಕು.